ಕಾಲೇಜಿನಲ್ಲಿ ತರ್ಕಶಾಸ್ತ್ರ: ಕಡ್ಡಾಯವಾಗಬೇಕೆ?

ಕಾಲೇಜಿನಲ್ಲಿ ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ, ಅವನು ಕಲಾವಿಭಾಗದವನಾಗಿರಲಿ, ವಿಜ್ಞಾನ ವಾಣಿಜ್ಯಗಳ ವಿಭಾಗದವನಾಗಿರಲಿ, ತರ್ಕಶಾಸ್ತ್ರವನ್ನು ಸ್ವಲ್ಪಮಟ್ಟಿಗಾದರೂ ಕಲಿಯಲೇಬೇಕೆಂದು ನಿಯಮ ಮಾಡುವುದು ಯುಕ್ತವೆ? ಈ ಪ್ರಶ್ನೆಯನ್ನು ನಾವಿಂದು ವಿಚಾರಮಾಡಲು ಉದ್ದೇಶಿಸಿದ್ದೇವೆ. ಇದು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಮೊದಲ ನೋಟಕ್ಕೆ ತೋರಬಹುದು. ಧೂಮ, ಅಗ್ನಿ, ಘಟ, ಪಟ ಎಂಬ ಶಬ್ದಗಳು ಕಿವಿಗೆ ಬಿದ್ದೊಡನೆಯೇ ಅನೇಕರಿಗೆ ಆಕಳಿಕೆ ಬರುವುದನ್ನು ನಾವು ಬಲ್ಲೆವು. ಆದರೆ ತಪ್ಪಾಗಿ ಊಹಿಸುವುದರಿಂದ ಒಬ್ಬನ ಪ್ರಾಣವೇ ಹೋಗಬಹುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಆದುದರಿಂದ ಕೇಳುಗರು ಸ್ವಲ್ಪ ಕಾಲ ತಾಳ್ಮೆಯಿಂದಿರಬೇಕೆಂದು ಬೇಡುತ್ತೇವೆ.

ಮೊದಲು ಒಂದು ಊರಿಗೆ ಹೋಗೋಣ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನಲ್ಲಿ ಶಿರವಾಳವೆಂಬ ಗ್ರಾಮವಿದೆ. ಹಳೆಯ ಕಾಲದ ಕಲ್ಲುಗುಡಿಗಳಿಂದ ಹೆಸರಾದ ಊರು ಅದು. ಸುತ್ತಿನ ಯಾವುದೋ ಕಾಲೇಜಿನ ನಾಲ್ಕಾರು ಮಂದಿ ತರುಣರು ಅಂಥ ಗುಡಿಗಳನ್ನು ನೋಡಲು ಹೊರಟರೆಂದು ಭಾವಿಸೋಣ. ಒಂದು ಗುಡಿಯ ಮಂಟಪ ಕುಸಿದಿದೆ, ಕಂಬಗಳು ಓರೆಯಾಗಿವೆ, ಒಂದೆರಡು ಮೂರ್ತಿಗಳು ಭಿನ್ನವಾಗಿವೆ. ಒಬ್ಬನು ನೋಡಿದೊಡನೆಯೇ, “ಶತ್ರುಗಳ ಸೈನ್ಯ ಬಂದು ಕೆಡವಿತು” ಎನ್ನುತ್ತಾನೆ. ಮತ್ತೊಬ್ಬನು, “ಅದೆಲ್ಲ ಕಟ್ಟುಕಥೆ, ಊರವರ ಅಲಕ್ಷ್ಯದಿಂದಲೇ ಹೀಗಾಯಿತು” ಎನ್ನುತ್ತಾನೆ. ಮಾತಿಗೆ ಮಾತು ಬೆಳೆದು, ಸಂಜೆಯ ಹೊತ್ತಿಗೆ ಅವರಲ್ಲಿ ಎರಡು ಪಕ್ಷಗಳಾಗುತ್ತವೆ. ಇಬ್ಬರಲ್ಲಿ ಒಬ್ಬನೂ ಬಗ್ಗಿ ಕಲ್ಲನ್ನು ನೋಡಿಲ್ಲ.

ಅವರ ಜೊತೆಯಲ್ಲಿ ಮೂರನೆಯವನೊಬ್ಬನಿದ್ದು, ಅವನಿಗೆ ತರ್ಕದ ಅಭ್ಯಾಸ ಸ್ವಲ್ಪ ಇದ್ದಿತೆಂದು ಇಟ್ಟುಕೊಳ್ಳೋಣ. ಅವನು ಯಾವ ಪಕ್ಷವನ್ನೂ ಹಿಡಿಯದೆ ಕೆಲವು ಪ್ರಶ್ನೆಗಳನ್ನು ಕೇಳುತ್ತಾನೆ. ಕಲ್ಲುಗಳ ಸಂದಿಯಲ್ಲಿ ಅರಳಿಯ ಬೇರೋ ಆಲದ ಬೇರೋ ಇಳಿದಿದೆಯೆ? ತಳಪಾಯ ಒಂದು ಮಗ್ಗುಲಿಗೆ ಕುಸಿದಿದೆಯೆ? ಮೂರ್ತಿಗಳ ಮೇಲೆ ಪೆಟ್ಟಿನ ಗುರುತುಗಳಿವೆಯೆ, ಅಥವಾ ಮೇಲಿನ ತೊಲೆ ಬಿದ್ದು ಅವು ಮುರಿದಿವೆಯೆ? ಗುಡಿಯ ಕಲ್ಲುಗಳು ಊರ ಮನೆಗಳ ಗೋಡೆಗಳಲ್ಲಿ, ಬಾವಿಯ ಕಟ್ಟೆಗಳಲ್ಲಿ ಕಾಣುತ್ತವೆಯೆ? ಈ ವಿಷಯವಾಗಿ ಯಾವುದಾದರೂ ಶಾಸನವು ಏನನ್ನಾದರೂ ಹೇಳುತ್ತದೆಯೆ? ಒಂದು ಕಾರ್ಯಕ್ಕೆ ಅನೇಕ ಕಾರಣಗಳು ಇರಬಹುದು. ಮಿಕ್ಕ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿ ತಳ್ಳಿಹಾಕದೆ ತನಗೆ ಇಷ್ಟವಾದ ಒಂದಕ್ಕೆ ಹಾರುವುದು ವಿಚಾರವಲ್ಲ. ಅದು ಅಭಿಮಾನ ಮಾತ್ರ. ಎಲ್ಲವನ್ನೂ ನೋಡಿದ ಮೇಲೂ ಆ ಮೂರನೆಯವನು, “ಇಷ್ಟರಿಂದ ಏನನ್ನೂ ನಿಶ್ಚಯಿಸಲಾಗದು” ಎಂದು ಹೇಳಬಹುದು. ಹಾಗೆ ಹೇಳಲು ಧೈರ್ಯ ಬೇಕು. ಆ ಧೈರ್ಯವು ಶಿಕ್ಷಣದಿಂದ ಬರತಕ್ಕದ್ದು.

ಇದೇ ಸೀಮೆಯಲ್ಲಿ ಈ ಪಾಠಕ್ಕೆ ಬೇಕಾದ ಸಾಮಗ್ರಿ ಮತ್ತೂ ಇದೆ. ಶಹಾಪುರದ ಬಳಿಯ ಬೆಟ್ಟಸಾಲು ದೂರದಿಂದ ನೋಡುವವರಿಗೆ ಅಂಗಾತ ಮಲಗಿದ ಮನುಷ್ಯನಂತೆ ತೋರುತ್ತದೆ. ಜನರು ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ನೋಟ ರಮ್ಯವಾದುದು, ಹೆಸರೂ ಚೆನ್ನಾಗಿದೆ. ಆದರೆ, “ಬೆಟ್ಟವು ಬುದ್ಧನಂತಿದೆ, ಆದುದರಿಂದ ಇಲ್ಲಿ ಬೌದ್ಧರಿದ್ದರು” ಎಂದು ಯಾರಾದರೂ ವಾದಿಸಿದರೆ ನಾವು ಒಪ್ಪತಕ್ಕದ್ದೆ? ಬೆಟ್ಟದ ಆಕಾರವನ್ನು ಮಾಡಿದುದು ಮಳೆ, ಗಾಳಿ, ಬಿಸಿಲು. ಬೌದ್ಧರು ಬಾರದೆ ಇದ್ದಿದ್ದರೂ ಅದು ಹಾಗೆಯೇ ಇರುತ್ತಿತ್ತು. ಒಂದು ವಸ್ತುವು ಇದ್ದರೂ ಇಲ್ಲದಿದ್ದರೂ ಯಾವ ಗುರುತು ಒಂದೇ ತೆರನಾಗಿ ಕಾಣುವುದೋ ಆ ಗುರುತು ಆ ವಸ್ತುವಿಗೆ ಸಾಕ್ಷಿಯಾಗಲಾರದು.

ಇನ್ನು ಭೀಮಾತೀರದ ಸನ್ನತಿಗೆ ಬನ್ನಿರಿ. ೧೯೮೬ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಡು ಕುಸಿಯಿತು. ಆಗ ವಿಗ್ರಹಕ್ಕೆ ಆಧಾರವಾಗಿದ್ದ ಕಲ್ಲಿನಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳು ಕಂಡುಬಂದವು. ಹತ್ತಿರದ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ದೊಡ್ಡದೊಂದು ಸ್ತೂಪದ ಅವಶೇಷಗಳು ಹೊರಬಂದವು. ಅಲ್ಲಿಯ ಒಂದು ಶಿಲ್ಪದಲ್ಲಿ ರಾಜನೊಬ್ಬನ ಆಕೃತಿಯೂ, ಅದರೊಡನೆ ಅವನು ಅಶೋಕನೆಂದು ತಿಳಿಸುವ ಬ್ರಾಹ್ಮೀ ಬರಹವೂ ಇವೆ. ಈ ಸೀಮೆಯಲ್ಲಿ ಬೌದ್ಧಧರ್ಮವು ನೆಲೆಸಿದ್ದಿತೆಂಬುದಕ್ಕೆ ಇವು ಸಾಕ್ಷಿಗಳು. ಏಕೆಂದರೆ ಬೌದ್ಧರು ಇಲ್ಲದಿದ್ದರೆ ಇವು ಇರುತ್ತಿರಲಿಲ್ಲ. ಬೆಟ್ಟದಿಂದ ಹೊರಟವನೂ ಸ್ತೂಪದಿಂದ ಹೊರಟವನೂ ಒಂದೇ ಸಿದ್ಧಾಂತವನ್ನು ಮುಟ್ಟಿದರು, ಸಿದ್ಧಾಂತವೂ ನಿಜವೇ. ಆದರೆ ಮೊದಲನೆಯವನದು ಆಕಸ್ಮಿಕ, ಎರಡನೆಯವನದು ಜ್ಞಾನ. ಈ ಭೇದವನ್ನು ಕಾಣುವ ಕಣ್ಣನ್ನು ಕೊಡುವುದೇ ತರ್ಕಶಾಸ್ತ್ರದ ಕೆಲಸ.

ನಮ್ಮ ಪೂರ್ವಿಕರು ಈ ಕೆಲಸಕ್ಕೆ ಒಂದು ಕ್ರಮವನ್ನು ಕಲ್ಪಿಸಿದ್ದರು. ನ್ಯಾಯದರ್ಶನದ ಪ್ರಕಾರ ಅನುಮಾನವಾಕ್ಯಕ್ಕೆ ಐದು ಅವಯವಗಳುಂಟು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಬೆಟ್ಟದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡಿಗೆಮನೆಯಲ್ಲಿ ಇರುವಂತೆ, ಎಂಬುದು ಉದಾಹರಣೆ. ಈ ಬೆಟ್ಟದಲ್ಲಿಯೂ ಅಂಥ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ಗ್ರೀಸ್ ದೇಶದ ಅರಿಸ್ಟಾಟಲನ ಕ್ರಮದಲ್ಲಿ ಮೂರೇ ವಾಕ್ಯಗಳಿರುತ್ತವೆ. ನಮ್ಮ ಕ್ರಮದ ವಿಶೇಷವೆಂದರೆ, ಎಲ್ಲರೂ ಕಂಡಿರುವ ಒಂದು ಉದಾಹರಣೆಯನ್ನು ತೋರಿಸದೆ ವಾದವು ಪೂರ್ತಿಯಾಗುವುದಿಲ್ಲ. ಇದನ್ನು ಕೇಳುಗರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನ ಬೀಳುತ್ತದೆ.

ಹೇತುವಿನಂತೆ ತೋರಿ ಹೇತುವಲ್ಲದಿರುವುದಕ್ಕೆ ಹೇತ್ವಾಭಾಸವೆಂದು ಹೆಸರು. ಅದರಲ್ಲಿ ಸವ್ಯಭಿಚಾರವೆಂಬುದು ಒಂದು ಬಗೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಆದರೆ ಬೆಂಕಿಯಿಂದ ಹೊಗೆಯನ್ನು ಊಹಿಸಬಾರದು. ಏಕೆಂದರೆ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೀಗೆ ದಾರಿಯನ್ನು ತಿರುಗುಮುರುಗಾಗಿ ನಡೆಯುವುದು ಬಹು ಸಾಮಾನ್ಯವಾದ ತಪ್ಪು. ಈ ತಪ್ಪು ಪುಸ್ತಕದಲ್ಲಿ ಇರುವವರೆಗೆ ನಿರಪಾಯಕರವಾದುದು. ಬೀದಿಗೆ ಬಂದಾಗ ಏನಾಗುವುದೆಂಬುದನ್ನು ಈಗ ಹೇಳಬೇಕಾಗಿದೆ.

೨೦೧೮ನೆಯ ಇಸವಿಯಲ್ಲಿ ನಮ್ಮ ದೇಶದ ಅನೇಕ ಕಡೆಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ವಾಟ್ಸಾಪಿನ ಮೂಲಕ ಹರಡಿದ್ದಿತು. ಆ ವರ್ಷದ ಜುಲೈ ೧೩ನೆಯ ದಿನ ಹೈದರಾಬಾದಿನಿಂದ ಬಂದಿದ್ದ ಕೆಲವರು ಸ್ನೇಹಿತರು ಬೀದರ ಜಿಲ್ಲೆಯ ಒಂದು ಹಳ್ಳಿಯ ಬಳಿ ಕಾರನ್ನು ನಿಲ್ಲಿಸಿ, ದಾರಿಯಲ್ಲಿದ್ದ ಶಾಲೆಯ ಮಕ್ಕಳಿಗೆ ಚಾಕಲೇಟುಗಳನ್ನು ಕೊಟ್ಟರು. ನೋಡಿದವರಿಗೆ ಸಂಶಯ ಹುಟ್ಟಿತು. ಗದ್ದಲವಾಗಲು ಅವರು ಕಾರಿನಲ್ಲಿ ಹೊರಟುಹೋದರು. ಆದರೆ ಕಾರಿಗಿಂತ ಮುಂಚಿತವಾಗಿ ಸುದ್ದಿಯು ಮುರ್ಕಿಯೆಂಬ ಊರನ್ನು ಮುಟ್ಟಿತು. ಅಲ್ಲಿ ದಾರಿಯನ್ನು ಅಡ್ಡಗಟ್ಟಿದ್ದರು. ಕಾರು ಉರುಳಿತು. ಗುಂಪು ಅವರನ್ನು ಹೊಡೆಯಿತು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ತಂತ್ರಾಂಶದ ಕೆಲಸದಲ್ಲಿದ್ದ ಒಬ್ಬ ತರುಣನು ಸತ್ತನು. ಅವರಲ್ಲಿ ಯಾರೂ ಮಕ್ಕಳ ಕಳ್ಳರಾಗಿರಲಿಲ್ಲ.

ಈ ಘಟನೆಯಲ್ಲಿದ್ದ ಅನುಮಾನವನ್ನು ಬಿಡಿಸಿ ನೋಡೋಣ. ಮಕ್ಕಳ ಕಳ್ಳರು ಮಿಠಾಯಿ ಕೊಡುತ್ತಾರೆ; ಇವರು ಮಿಠಾಯಿ ಕೊಟ್ಟರು; ಆದುದರಿಂದ ಇವರು ಮಕ್ಕಳ ಕಳ್ಳರು. ಮೊದಲನೆಯ ವಾಕ್ಯವನ್ನು ಒಪ್ಪಿಕೊಂಡರೂ ಕೊನೆಯದು ಸಿದ್ಧವಾಗುವುದಿಲ್ಲ. ಮಿಠಾಯಿಯನ್ನು ಅಜ್ಜನೂ ಕೊಡುತ್ತಾನೆ, ನೆಂಟನೂ ಕೊಡುತ್ತಾನೆ, ಹಬ್ಬದ ದಿನ ನೆರೆಮನೆಯವರೂ ಕೊಡುತ್ತಾರೆ. ಇದು ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯನ್ನು ಕಂಡಂತೆಯೇ ಸರಿ. ಭಯವೂ ಕೋಪವೂ ಸೇರಿದ ಗುಂಪಿನಲ್ಲಿ ತರ್ಕದ ಪಾಠವೊಂದೇ ಕೈಯನ್ನು ತಡೆಯುತ್ತಿತ್ತೆಂದು ನಾವು ಹೇಳುವುದಿಲ್ಲ. ಆದರೆ ಗುಂಪು ಕೂಡುವುದಕ್ಕೆ ಮೊದಲು, ಒಂದೊಂದು ಮನೆಯಲ್ಲಿ, ಒಂದೊಂದು ಕೈಯಲ್ಲಿ ಆ ಸುದ್ದಿಯು ಕ್ಷಣಹೊತ್ತು ನಿಂತಿದ್ದಿತು. ಆಗ ಓದಿದವನು ಒಬ್ಬನೇ ಇದ್ದನು, ಎದುರಿಗೆ ಗುಂಪಿರಲಿಲ್ಲ. ಮುಂದಕ್ಕೆ ಕಳುಹಿಸಲೋ ಬೇಡವೋ ಎಂಬುದು ಅವನ ಕೈಯಲ್ಲಿತ್ತು. ವಿದ್ಯೆಯು ಕೆಲಸಮಾಡಬೇಕಾದ ಸ್ಥಳ ಅದು.

ಇದನ್ನು ಹಳ್ಳಿಯವರ ಅಜ್ಞಾನವೆಂದು ಹೇಳಿ ನಗರವಾಸಿಗಳಾದ ನಾವು ಸಮಾಧಾನಪಟ್ಟುಕೊಳ್ಳುವುದು ನ್ಯಾಯವಲ್ಲ. ಅಂಥ ಸಂದೇಶಗಳನ್ನು ಓದಿ ಮುಂದಕ್ಕೆ ಕಳುಹಿಸುವವರು ಅಕ್ಷರಸ್ಥರು. ಪದವೀಧರರ ಮನೆಗಳಲ್ಲಿಯೂ ಮದ್ದಿನ ಮಾತು, ಹಣವನ್ನು ಇಮ್ಮಡಿ ಮಾಡುವ ಮಾತು, ಅನ್ಯಜಾತಿ ಅನ್ಯಮತದವರ ಮೇಲಣ ಮಾತು ಪ್ರತಿದಿನವೂ ಇದೇ ರೀತಿಯಲ್ಲಿ ಬಂದು ಇದೇ ರೀತಿಯಲ್ಲಿ ಹೋಗುತ್ತವೆ.

ಇಲ್ಲಿ ನ್ಯಾಯದರ್ಶನದ ಇನ್ನೊಂದು ವಿವೇಚನೆಯು ಉಪಯೋಗಕ್ಕೆ ಬರುತ್ತದೆ. ಪ್ರತ್ಯಕ್ಷ, ಅನುಮಾನ, ಉಪಮಾನಗಳಂತೆ ಶಬ್ದವೂ, ಎಂದರೆ ಇನ್ನೊಬ್ಬರ ಮಾತೂ, ಒಂದು ಪ್ರಮಾಣವೆಂದು ಆ ಶಾಸ್ತ್ರವು ಒಪ್ಪುತ್ತದೆ. ಒಪ್ಪದೆ ಗತಿಯಿಲ್ಲ, ನಮ್ಮ ತಿಳಿವಳಿಕೆಯಲ್ಲಿ ಮುಕ್ಕಾಲು ಪಾಲು ಪರರ ಮಾತಿನಿಂದ ಬಂದುದು. ಆದರೆ ಆ ಮಾತು ಆಪ್ತನದಾಗಿರಬೇಕು. ಆಪ್ತನೆಂದರೆ ಸ್ನೇಹಿತನೆಂದಲ್ಲ; ವಿಷಯವನ್ನು ಸ್ವತಃ ತಿಳಿದು, ತಿಳಿದಂತೆಯೇ ಹೇಳಬೇಕೆಂಬ ಇಚ್ಛೆಯುಳ್ಳವನು. ನಮ್ಮ ತಮ್ಮನೋ ಗೆಳೆಯನೋ ಕಳುಹಿಸಿದ ಸುದ್ದಿಯನ್ನು ನಾವು ನಂಬುವುದು ಅವನು ಒಳ್ಳೆಯವನೆಂಬ ಕಾರಣದಿಂದ. ಅವನು ಒಳ್ಳೆಯವನೇ ಸರಿ. ಆದರೆ ಅವನು ಅದನ್ನು ಕಂಡವನೆ? ಅವನಿಗೆ ಕಳುಹಿಸಿದವನು ಕಂಡವನೆ? ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರರಾದ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ನಿಲಯವನ್ನು ಸ್ಥಾಪಿಸಿದಾಗ, ಪೆಟ್ಟಿಗೆಯೊಳಗಿನಿಂದ ಬರುವ ಧ್ವನಿ ಜನರಿಗೆ ಸೋಜಿಗವಾಗಿತ್ತು. ಆ ಧ್ವನಿ ಯಾರದು, ಎಲ್ಲಿಂದ ಬರುತ್ತದೆ ಎಂಬುದಾದರೂ ಗೊತ್ತಾಗುತ್ತಿತ್ತು. ಈಗ ಕೈಯೊಳಗಿನ ಪೆಟ್ಟಿಗೆಯಿಂದ ಬರುವ ಧ್ವನಿಗೆ ಅನೇಕ ವೇಳೆ ಒಡೆಯನೇ ಇಲ್ಲ.

ಸಾಕ್ಷಿಯ ಮಾತು ಬಂದುದರಿಂದ ಸುರಪುರದ ಒಂದು ಪ್ರಸಂಗವನ್ನು ನೆನೆಯಬಹುದು. ೧೮೫೮ರಲ್ಲಿ ಬ್ರಿಟಿಷರಿಗೆ ಇದಿರಾಗಿ ನಿಂತ ಸುರಪುರದ ದೊರೆ ರಾಜಾ ವೆಂಕಟಪ್ಪನಾಯಕರು ಸೆರೆಸಿಕ್ಕಿ ಆ ವರ್ಷವೇ ಮರಣ ಹೊಂದಿದರು. ಹಿಂದೆ ಅಲ್ಲಿ ಬ್ರಿಟಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ತನ್ನ ಆತ್ಮಕಥೆಯಲ್ಲಿ, ದೊರೆಯು ಇಪ್ಪತ್ತನಾಲ್ಕನೆಯ ವಯಸ್ಸನ್ನು ದಾಟಲಾರನೆಂದು ಜಾತಕದಲ್ಲಿ ಬರೆದಿತ್ತೆಂದೂ, ಅದು ಹಾಗೆಯೇ ಆಯಿತೆಂದೂ ಹೇಳಿದ್ದಾನೆ. ದೊರೆಯು ತನ್ನ ಕೈಯಿಂದಲೇ ಗುಂಡಿಗೆ ಬಲಿಯಾದನೆಂಬುದು ಅವನ ಹೇಳಿಕೆ. ಅದನ್ನು ಸಂದೇಹಿಸುವವರೂ ಉಂಟು. ಟೇಲರನ ಪುಸ್ತಕವು ಅಚ್ಚಾದುದು ೧೮೭೭ರಲ್ಲಿ, ಘಟನೆಯಾದ ಹತ್ತೊಂಬತ್ತು ವರ್ಷಗಳ ಮೇಲೆ. ಇದನ್ನು ಒಂದು ತರಗತಿಯ ಮುಂದಿಟ್ಟರೆ ಎಷ್ಟು ಪ್ರಶ್ನೆಗಳೇಳುತ್ತವೆ ನೋಡಿರಿ. ಭವಿಷ್ಯವು ನಡೆದುದಕ್ಕೆ ನಮಗಿರುವ ಸಾಕ್ಷಿ, ನಡೆದುಹೋದ ಮೇಲೆ ಬಂದ ಪುಸ್ತಕವೊಂದೇ ಏನು? ನಿಜವಾಗದೆ ಹೋದ ಜಾತಕಗಳನ್ನು ಯಾರಾದರೂ ಪುಸ್ತಕದಲ್ಲಿ ಬರೆದಿಡುವರೆ? ತನ್ನ ಆಯುಸ್ಸು ಇಷ್ಟೇ ಎಂದು ಸುತ್ತಲಿನವರು ನಂಬಿರುವಾಗ ಆ ನಂಬಿಕೆಯೇ ಮುಂದಿನ ನಡೆವಳಿಕೆಗೆ ಕಾರಣವಾಗಲಾರದೆ? ಸೆರೆಯಾಳಿನ ಮರಣದ ವಿಷಯದಲ್ಲಿ ಸೆರೆಹಿಡಿದವರ ಕಡೆಯವನ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಟೇಲರನು ಸುಳ್ಳು ಹೇಳಿದನೆಂದು ಇದರಿಂದ ಆಗುವುದಿಲ್ಲ. ಜಾತಕವೆಲ್ಲ ಸುಳ್ಳೆಂದೂ ಇದೊಂದರಿಂದಲೇ ಆಗುವುದಿಲ್ಲ. ಇಷ್ಟು ಸಾಕ್ಷಿಗೆ ಎಷ್ಟು ಭಾರವನ್ನು ಹೊರುವ ಶಕ್ತಿಯುಂಟೆಂಬುದು ಮಾತ್ರ ತಿಳಿಯುತ್ತದೆ.

ಈ ವಿದ್ಯೆಯು ನಮಗೆ ಹೊಸದಲ್ಲ. ಶಹಾಪುರಕ್ಕೆ ನೆರೆಯ ಸೀಮೆಯಾದ ಚಿತ್ತಾಪುರದ ಬಳಿ ನಾಗಾವಿಯೆಂಬ ಸ್ಥಳವಿದೆ. ಅಲ್ಲಿಯ ಘಟಿಕಾಸ್ಥಾನದ ವಿಷಯವನ್ನು ಕಲ್ಯಾಣದ ಚಾಳುಕ್ಯರ ಕಾಲದ, ೧೦೫೮ರ ಶಾಸನವೊಂದು ತಿಳಿಸುತ್ತದೆ. ಇನ್ನೂರು ಮಂದಿ ವೇದವನ್ನೂ, ಸುಮಾರು ಐವತ್ತು ಮಂದಿ ಶಾಸ್ತ್ರಗಳನ್ನೂ ಓದಲು ಅಲ್ಲಿ ಏರ್ಪಾಡಿತ್ತು. ಉಪಾಧ್ಯಾಯರಲ್ಲದೆ ಪುಸ್ತಕಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಇದ್ದರು. ಶಾಸ್ತ್ರೋಪಾಧ್ಯಾಯರಲ್ಲಿ ಒಬ್ಬನು ಭಾಟ್ಟದರ್ಶನವನ್ನೂ ಮತ್ತೊಬ್ಬನು ಪ್ರಾಭಾಕರ ದರ್ಶನವನ್ನೂ ಹೇಳಿಕೊಡುತ್ತಿದ್ದರು. ಇವೆರಡೂ ಮೀಮಾಂಸೆಯಲ್ಲಿ ಒಂದಕ್ಕೊಂದು ಪ್ರತಿಪಕ್ಷವಾದ ಪ್ರಸ್ಥಾನಗಳು. ಎಂದರೆ, ಎರಡು ಪಕ್ಷಗಳನ್ನೂ ಒಂದೇ ಸಂಸ್ಥೆಯು ಸಂಬಳ ಕೊಟ್ಟು ಕಲಿಸುತ್ತಿತ್ತು. ಬಳ್ಳಿಗಾವಿಯ ಕೋಡಿಯಮಠವನ್ನು ಕುರಿತ ೧೧೬೨ರ ಶಾಸನವೂ ನ್ಯಾಯ, ವೈಶೇಷಿಕ, ಸಾಂಖ್ಯ, ಬೌದ್ಧ ಮೊದಲಾದ ಅನೇಕ ದರ್ಶನಗಳ ವ್ಯಾಖ್ಯಾನವು ಆ ಶೈವಮಠದಲ್ಲಿ ನಡೆಯುತ್ತಿದ್ದಿತೆಂದು ಹೇಳುತ್ತದೆ. ಪರಪಕ್ಷವನ್ನು ತಿಳಿಯದವನಿಗೆ ಸ್ವಪಕ್ಷವೂ ತಿಳಿದಂತಲ್ಲವೆಂಬ ಅಭಿಪ್ರಾಯವು ಆ ಏರ್ಪಾಡುಗಳ ಹಿಂದೆ ಇದ್ದಿರಬೇಕು.

ಆದರೆ ಅಂದಿನ ಘಟಿಕಾಸ್ಥಾನದ ಬಾಗಿಲು ಕೆಲವರಿಗೆ ಮಾತ್ರ ತೆರೆದಿತ್ತೆಂಬುದನ್ನು ಮರೆಯಬಾರದು. ಹೆಂಗಸರಿಗೆ, ಕುಲಕಸುಬುಗಳವರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನು ನೇಕಾರನು; ಅವನೂ ಅವನ ತರುವಾಯ ಬಂದ ವಚನಕಾರರೂ ಕನ್ನಡದಲ್ಲಿಯೇ ಪ್ರಶ್ನಿಸಿದರು, ಕನ್ನಡದಲ್ಲಿಯೇ ಉತ್ತರಿಸಿದರು. ಯುಕ್ತಿಯು ಸಂಸ್ಕೃತ ಬಲ್ಲವರ ಸ್ವತ್ತಲ್ಲವೆಂದು ಆಗಲೇ ಸಿದ್ಧವಾಗಿ ಹೋಯಿತು. ಇಂದಿನ ಕಾಲೇಜಿನ ಬಾಗಿಲು ಎಲ್ಲರಿಗೂ ತೆರೆದಿದೆ. ನಾಗಾವಿಯಲ್ಲಿ ಐವತ್ತು ಮಂದಿಗೆ ದೊರೆಯುತ್ತಿದ್ದುದು ಈಗ ಯಾರಿಗೆ ದೊರೆಯುತ್ತಿದೆ?

ನಮ್ಮಲ್ಲಿ ತರ್ಕಶಾಸ್ತ್ರವು ಹಿಂದೆ ಇಂಟರ್‌ಮೀಡಿಯೆಟ್ ತರಗತಿಯ ಐಚ್ಛಿಕ ವಿಷಯವಾಗಿತ್ತು. ಈಚೆಗೆ ಪದವಿಪೂರ್ವ ತರಗತಿಯ ಕಲಾವಿಭಾಗದ ಐಚ್ಛಿಕಗಳಲ್ಲಿ ಒಂದಾಗಿದೆ. ಎಂದರೆ, ವಿಜ್ಞಾನವನ್ನೋ ವಾಣಿಜ್ಯವನ್ನೋ ಓದುವವನು ಅದರ ಹೆಸರನ್ನೂ ಕೇಳದೆ ವೈದ್ಯನಾಗಬಹುದು, ಇಂಜಿನಿಯರನಾಗಬಹುದು, ಬ್ಯಾಂಕಿನ ಅಧಿಕಾರಿಯಾಗಬಹುದು. ೧೯೭೬ರಲ್ಲಿ ನಮ್ಮ ರಾಜ್ಯಾಂಗಕ್ಕೆ ಆದ ನಲವತ್ತೆರಡನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವವನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಸಾರಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾಕ್ಟರ್ ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಪರೀಕ್ಷೆಗೆ ಒಳಪಡುವ ಮೂಢನಂಬಿಕೆಗಳನ್ನೂ ಪರಿಶೀಲಿಸಲು ಒಂದು ಸಮಿತಿಯನ್ನು ರಚಿಸಿದರು. ಅದಕ್ಕೆ ಹೊಗಳಿಕೆಯೂ ಬಂದಿತು, ಪ್ರಬಲವಾದ ವಿರೋಧವೂ ಬಂದಿತು. ಆ ಸಮಿತಿಯು ಕೇಳಹೊರಟ ಪ್ರಶ್ನೆಗಳು ಯೋಗ್ಯವಾದುವು. ಆದರೆ ಸಮಿತಿಯೊಂದು ಊರೂರಿಗೂ ಹೋಗಲಾರದು, ಅದರ ಸದಸ್ಯರೂ ಚಿರಕಾಲ ಇರಲಾರರು. ಪ್ರಶ್ನೆ ಕೇಳುವ ಕ್ರಮವು ಪ್ರತಿಯೊಬ್ಬ ವಿದ್ಯಾರ್ಥಿಯ ಅಭ್ಯಾಸವಾದರೆ ಮಾತ್ರ ಅದು ಉಳಿಯುತ್ತದೆ. ಕರ್ತವ್ಯವೆಂದು ವಿಧಿಸಿದ ಮೇಲೆ ಅದನ್ನು ನೆರವೇರಿಸುವ ಬಗೆಯನ್ನು ಕಲಿಸದಿರುವುದು ಸರಿಯೆ?

ಇನ್ನು ಪೂರ್ವಪಕ್ಷವನ್ನು ಕೇಳೋಣ. ಆಕ್ಷೇಪಣೆಗಳು ಮುಖ್ಯವಾಗಿ ನಾಲ್ಕು.

ಒಂದನೆಯದು: ಯುಕ್ತಿಯು ಹುಟ್ಟಿನಿಂದ ಬಂದುದು, ಕಲಿಸಿ ಬರುವುದಲ್ಲ. ಮುಗಿಲನ್ನು ನೋಡಿ ಬಿತ್ತುವ ರೈತನು ಯಾವ ನ್ಯಾಯಶಾಸ್ತ್ರವನ್ನು ಓದಿದ್ದಾನೆ? ಇದು ದಿಟ. ತನ್ನ ಹೊಲದ ವಿಷಯದಲ್ಲಿ ರೈತನ ಅನುಮಾನವು ಪಂಡಿತನದಕ್ಕಿಂತ ಮೇಲಾದುದು; ತಪ್ಪಿದರೆ ಹೊಲವೇ ಅವನನ್ನು ತಿದ್ದುತ್ತದೆ. ಆದರೆ ಕಾಣದ ಊರಿನ, ಅರಿಯದ ಜನರ ವಿಷಯದಲ್ಲಿ ನಾವು ಊಹಿಸಿದುದು ತಪ್ಪಾದರೆ ತಿದ್ದುವವರಾರು? ತಪ್ಪಿನ ಫಲವನ್ನು ಉಣ್ಣುವವನು ಬೇರೊಬ್ಬನು.

ಎರಡನೆಯದು: ತರ್ಕವು ಶ್ರದ್ಧೆಯನ್ನು ಕೆಡಿಸುತ್ತದೆ. ನಮ್ಮ ಆಚಾರ್ಯರು ಹಾಗೆ ತಿಳಿದಂತೆ ಕಾಣುವುದಿಲ್ಲ. ವಿಜಯನಗರದ ಕಾಲದ ವ್ಯಾಸರಾಯರು ಕೃಷ್ಣಭಕ್ತಿಯ ಕೀರ್ತನೆಗಳನ್ನು ರಚಿಸಿದವರೂ ಹೌದು, ‘ತರ್ಕತಾಂಡವ’ವನ್ನು ಬರೆದವರೂ ಹೌದು. ಯಾವುದನ್ನು ನಂಬಬೇಕೆಂದು ತರ್ಕವು ವಿಧಿಸುವುದಿಲ್ಲ. ನಂಬಿದುದರಿಂದ ಏನು ಸಿದ್ಧಿಸುತ್ತದೆ, ಏನು ಸಿದ್ಧಿಸುವುದಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಮೂರನೆಯದು: ತರ್ಕ ಕಲಿತವನು ಕುತರ್ಕಿಯಾಗುತ್ತಾನೆ, ಹಿರಿಯರಿಗೆ ಇದಿರು ಮಾತಾಡುತ್ತಾನೆ. ಈ ಭಯಕ್ಕೆ ಆಧಾರವಿಲ್ಲದೆ ಇಲ್ಲ. ಆದರೆ ನ್ಯಾಯಶಾಸ್ತ್ರವೇ ಇದನ್ನು ಮೊದಲು ಕಂಡಿತು. ತತ್ತ್ವವನ್ನು ತಿಳಿಯುವುದಕ್ಕಾಗಿ ನಡೆಯುವುದು ವಾದ. ಗೆಲ್ಲುವುದಕ್ಕಾಗಿ ನಡೆಯುವುದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಇತರರದನ್ನು ಕೆಡಹುವುದೊಂದೇ ಗುರಿಯಾಗಿರುವುದು ವಿತಂಡೆ. ಈ ಭೇದವೇ ಮೊದಲನೆಯ ಪಾಠವಾಗಬೇಕು. ಅದನ್ನು ಬಿಟ್ಟು ಹೇತ್ವಾಭಾಸಗಳ ಹೆಸರುಗಳನ್ನು ಮಾತ್ರ ಕಲಿಸಿದರೆ ಎಳೆಯರ ಕೈಗೆ ಕತ್ತಿ ಕೊಟ್ಟಂತಾದೀತು.

ನಾಲ್ಕನೆಯದು ಎಲ್ಲಕ್ಕಿಂತ ಬಲವಾದುದು: ಕಡ್ಡಾಯ ಮಾಡಿದೊಡನೆ ಅದೂ ಒಂದು ಪರೀಕ್ಷೆಯ ವಿಷಯವಾಗುತ್ತದೆ, ಅದಕ್ಕೂ ಗೈಡುಗಳು ಬರುತ್ತವೆ, ಬಾಯಿಪಾಠ ಮಾಡಿ ಬರೆದು ಮರೆಯುತ್ತಾರೆ, ಬಲಾತ್ಕಾರದಿಂದ ವಿಚಾರಶಕ್ತಿ ಹುಟ್ಟುವುದುಂಟೆ? ಈ ಆಕ್ಷೇಪಣೆಯನ್ನು ನಾವು ಅರ್ಧ ಒಪ್ಪುತ್ತೇವೆ. ಒಪ್ಪುವುದಕ್ಕೆ ಪ್ರಯೋಗದ ಆಧಾರವೂ ಇದೆ.

೧೯೬೬ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞನಾದ ಪೀಟರ್ ವೇಸನ್ ಎಂಬಾತನು ಒಂದು ಪ್ರಶ್ನೆಯನ್ನು ಪ್ರಸಿದ್ಧಿಪಡಿಸಿದನು. ಅದನ್ನು ನಮ್ಮ ಲಿಪಿಯಲ್ಲಿ ಹೀಗೆ ಹೇಳಬಹುದು. ಮೇಜಿನ ಮೇಲೆ ನಾಲ್ಕು ಚೀಟಿಗಳಿವೆ. ಪ್ರತಿಯೊಂದರ ಒಂದು ಮಗ್ಗುಲಲ್ಲಿ ಅಕ್ಷರ, ಇನ್ನೊಂದರಲ್ಲಿ ಅಂಕಿ. ಕಾಣುತ್ತಿರುವುವು: ಅ, ಕ, ೪, ೭. ಒಂದು ಮಗ್ಗುಲಲ್ಲಿ ಸ್ವರವಿದ್ದರೆ ಇನ್ನೊಂದರಲ್ಲಿ ಸಮಸಂಖ್ಯೆ ಇರಬೇಕೆಂಬುದು ನಿಯಮ. ನಿಯಮವು ನಿಜವೋ ಸುಳ್ಳೋ ತಿಳಿಯಲು ಯಾವ ಚೀಟಿಗಳನ್ನು ತಿರುಗಿಸಬೇಕು? ಬಹುಮಂದಿ ‘ಅ’ವನ್ನ ಮಾತ್ರ, ಇಲ್ಲವೆ ‘ಅ’ವನ್ನೂ ೪ನ್ನೂ ತಿರುಗಿಸುತ್ತಾರೆ. ತಿರುಗಿಸಬೇಕಾದುವು ‘ಅ’ ಮತ್ತು ೭. ನಾಲ್ಕರ ಹಿಂದೆ ಏನಿದ್ದರೂ ನಿಯಮಕ್ಕೆ ಭಂಗವಿಲ್ಲ. ಏಳರ ಹಿಂದೆ ಸ್ವರವಿದ್ದರೆ ನಿಯಮವು ಸುಳ್ಳಾಯಿತು. ನಾಲ್ಕನ್ನು ತಿರುಗಿಸುವವನು ಮಿಠಾಯಿಯಿಂದ ಕಳ್ಳನನ್ನು ಊಹಿಸುವವನ ದಾರಿಯಲ್ಲಿಯೇ ಇದ್ದಾನೆ. ಅಮೆರಿಕದ ನಾಲ್ವರು ವಿದ್ವಾಂಸರು ೧೯೮೬ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಒಂದು ಅರ್ಧವರ್ಷ ತರ್ಕಶಾಸ್ತ್ರದ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗಳು ಇಂಥ ಪ್ರಶ್ನೆಗಳಲ್ಲಿ ಹೆಚ್ಚೇನೂ ಸುಧಾರಿಸಿರಲಿಲ್ಲ. ನಿಯಮವನ್ನೂ, ಅದನ್ನು ಉದಾಹರಣೆಗಳಿಗೆ ಅನ್ವಯಿಸುವ ಬಗೆಯನ್ನೂ ಜೊತೆಯಾಗಿ ತೋರಿಸಿದಾಗ ಪ್ರಯೋಜನ ಕಂಡಿತು. ಉದಾಹರಣೆಯಿಲ್ಲದೆ ವಾದವು ಪೂರ್ತಿಯಾಗದೆಂದು ನಮ್ಮ ನೈಯಾಯಿಕರು ಹೇಳಿದುದನ್ನು ಇಲ್ಲಿ ಸ್ಮರಿಸಬಹುದು.

ಆದುದರಿಂದ ನಮ್ಮ ಅಭಿಪ್ರಾಯವು ಇದು. ತರ್ಕವು ಕಡ್ಡಾಯವಾಗಬೇಕು, ಆದರೆ ಈಗಿನ ಪಠ್ಯಪುಸ್ತಕದ ತರ್ಕವಲ್ಲ. ಕಡ್ಡಾಯವೇಕೆಂದರೆ, ವಿಚಾರದಲ್ಲಿ ಆಸಕ್ತಿಯುಳ್ಳವನು ಯಾರೂ ಹೇಳದೆಯೇ ಅದನ್ನು ಆರಿಸಿಕೊಳ್ಳುತ್ತಾನೆ. ಅದು ಅತ್ಯವಶ್ಯವಾಗಿ ಬೇಕಾದವನು ಎಂದಿಗೂ ಆರಿಸಿಕೊಳ್ಳುವುದಿಲ್ಲ. ಸಂಗೀತವನ್ನು ಕಲಿಯದವನು ನಷ್ಟಪಡುವುದು ತಾನೊಬ್ಬನೆ. ಸಾಕ್ಷಿಯನ್ನು ತೂಗಲರಿಯದವನು ನಷ್ಟಪಡಿಸುವುದು ಪರರನ್ನು. ಪರರಿಗೆ ತಟ್ಟುವ ವಿಷಯವನ್ನು ವಿದ್ಯಾರ್ಥಿಯ ಇಷ್ಟಕ್ಕೆ ಮಾತ್ರ ಬಿಡಲಾಗದು. ನಾರ್ವೆ ದೇಶದ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಬರುವವರಿಗೆ ತತ್ತ್ವಶಾಸ್ತ್ರದ ಪ್ರಾರಂಭಿಕ ಪರೀಕ್ಷೆಯೊಂದನ್ನು ವಿಧಿಸುವ ಪದ್ಧತಿ ಬಹುಕಾಲದಿಂದ ಇದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ ವಿಶ್ವವಿದ್ಯಾಲಯ ಸಮೂಹವು ೧೯೮೦ರಲ್ಲಿಯೇ ವಿಮರ್ಶಾತ್ಮಕ ಚಿಂತನೆಯ ಪಾಠವನ್ನು ಎಲ್ಲರಿಗೂ ವಿಧಿಸಿತು.

ಕ್ರಮವು ಹೇಗಿರಬೇಕೆಂದರೆ: ಪದವಿಯ ಮೊದಲನೆಯ ವರ್ಷದಲ್ಲಿ ಒಂದು ಅರ್ಧವರ್ಷ, ವಾರಕ್ಕೆ ಎರಡು ಗಂಟೆ ಸಾಕು. ಕನ್ನಡದಲ್ಲಿ ಯೋಚಿಸುವವರಿಗೆ ಪಾಠವು ಕನ್ನಡದಲ್ಲಿಯೇ ಆಗಬೇಕು. ಸಾಮಗ್ರಿಯು ಸುತ್ತಲಿನದಾಗಬೇಕು: ಆ ದಿನದ ಪತ್ರಿಕೆ, ಒಂದು ಜಾಹೀರಾತು, ಒಬ್ಬ ಮುಖಂಡರ ಭಾಷಣ, ಕೈಪೆಟ್ಟಿಗೆಗೆ ಬಂದ ಒಂದು ಸುದ್ದಿ, ಶಿರವಾಳದ ಒಂದು ಕುಸಿದ ಗೋಡೆ. ಪರೀಕ್ಷೆಯಲ್ಲಿ ವಿದ್ಯಾರ್ಥಿಯು ಹಿಂದೆಂದೂ ನೋಡದ ಒಂದು ಬರಹವನ್ನು ಕೊಟ್ಟು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದರಲ್ಲಿ ಹೇಳಿರುವುದೇನು? ಅದಕ್ಕೆ ಕೊಟ್ಟಿರುವ ಸಾಕ್ಷಿ ಏನು? ಆ ಸಾಕ್ಷಿಯು ಸಾಕಾಗದಿದ್ದರೆ ಇನ್ನೇನು ಬೇಕಾಗಿತ್ತು? ಪುಸ್ತಕಗಳನ್ನು ಎದುರಿಗೆ ಇಟ್ಟುಕೊಂಡು ಬರೆಯಲು ಬಿಟ್ಟರೂ ಚಿಂತೆಯಿಲ್ಲ. ಇಂಥ ಪ್ರಶ್ನೆಗೆ ಗೈಡು ಉತ್ತರ ಕೊಡಲಾರದು. ಇದರ ಜೊತೆಗೆ ಪ್ರತಿಯೊಬ್ಬನೂ ಒಂದು ಸಾರಿಯಾದರೂ ತನಗೆ ಒಪ್ಪಿಗೆಯಿಲ್ಲದ ಪಕ್ಷವನ್ನು ತರಗತಿಯ ಮುಂದೆ ನಿಂತು ಹೇಳಬೇಕು, ಮತ್ತು ಆ ಪಕ್ಷದವರು, “ಹೌದು, ನಮ್ಮ ಮಾತು ಇದೇ” ಎಂದು ಒಪ್ಪುವವರೆಗೆ ಹೇಳಬೇಕು. ವಿದ್ಯಾರ್ಥಿಯು ಇಂಥದೇ ತೀರ್ಮಾನಕ್ಕೆ ಬರಬೇಕೆಂದು ವಿಧಿಸುವ ಹಕ್ಕು ಯಾವ ಕಾಲೇಜಿಗೂ ಇಲ್ಲ. ತೀರ್ಮಾನಕ್ಕೆ ಮೊದಲು ನಿಂತು ನೋಡಬೇಕೆಂದು ವಿಧಿಸುವ ಹಕ್ಕು ಮಾತ್ರ ಇದೆ.

ಇದಕ್ಕೆ ದೊಡ್ಡ ತೊಡಕು ಉಪಾಧ್ಯಾಯರ ಕೊರತೆ. ತತ್ತ್ವಶಾಸ್ತ್ರದ ಅಧ್ಯಾಪಕರಿಲ್ಲದ ಕಾಲೇಜುಗಳು ಬಹಳ. ಆದರೆ ಈ ಪಾಠವನ್ನು ಚರಿತ್ರೆಯ ಅಧ್ಯಾಪಕರು ಶಾಸನಗಳ ಮೂಲಕ, ಭೌತಶಾಸ್ತ್ರದವರು ಪ್ರಯೋಗಗಳ ಮೂಲಕ, ಕನ್ನಡದವರು ಗದ್ಯಭಾಗಗಳ ಮೂಲಕ ಹೇಳಬಲ್ಲರು. ವಿದ್ಯಾರ್ಥಿಯು ಏಕೆಂದು ಕೇಳಿದಾಗ ಮುನಿಯದಿರುವುದು ಅವರಲ್ಲಿ ಇರಲೇಬೇಕಾದ ಯೋಗ್ಯತೆ.

ಸನ್ನತಿಯಲ್ಲಿ ದೊರೆತ ಕಲ್ಲಿನ ಮಾತನ್ನು ಮತ್ತೊಮ್ಮೆ ಎತ್ತಿ ಮುಗಿಸುತ್ತೇವೆ. ಅದರ ಮೇಲೆ ಅಶೋಕನ ಹನ್ನೆರಡನೆಯ ಶಿಲಾಶಾಸನದ ಭಾಗವೂ ಇದೆ. ಮಾತಿನಲ್ಲಿ ಸಂಯಮವಿರಬೇಕು, ಸ್ವಮತದ ಅಭಿಮಾನದಿಂದ ಪರಮತವನ್ನು ಅಕಾರಣವಾಗಿ ಹಳಿಯಬಾರದು, ಒಬ್ಬರ ಧರ್ಮವನ್ನು ಒಬ್ಬರು ಕೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ನೂರಾರು ವರ್ಷ ಆ ಕಲ್ಲು ಗುಡಿಯೊಳಗೆ ವಿಗ್ರಹದ ಕೆಳಗಿತ್ತು. ಅದರ ಮೇಲೆ ಅಕ್ಷರಗಳಿವೆಯೆಂಬುದು ಪಂಡಿತರಿಗೆ ತಿಳಿದಿರಲಿಲ್ಲ. ಮಾಡು ಕುಸಿದ ಮೇಲೆ ಅದನ್ನು ಓದಿದರು. ಮುರ್ಕಿಯಲ್ಲಿ ನಡೆದಂಥ ಅನಾಹುತ ಇನ್ನೊಂದು ನಡೆಯುವವರೆಗೆ ಕಾಯದೆ, ಓದಬೇಕಾದುದನ್ನು ನಮ್ಮ ಮಕ್ಕಳಿಗೆ ಈಗಲೇ ಓದಿಸುವುದು ಲೇಸು.